ಆರು ಸಿರಿಂಜು ಹಾಲು

ಜೂನ್ 3

ಇವತ್ತು ಅರ್ಧ ಸಿರಿಂಜು. ತುಂಬು ಬಸುರಿ ಅಕ್ಕ ಹಾಲು ಹಿಂಡುತ್ತಾಳೆ, ನಾನು ತಾರೀಖಿನ ಚೀಟಿ ಅಂಟಿಸಿ ಫ್ರೀಜರಿನಲ್ಲಿಡುತ್ತೇನೆ. ಇದು ಆರನೆಯದು, ಕೊನೆಯದು; ಆರು ಸಾಕಂತೆ. ಹಳದಿ, ಮಂದ. ಸಕ್ಕರೆ ಕಾಯಿಲೆಯ ತಾಯಿಯ ಮಗುವಿಗೆ ಹುಟ್ಟಿದ ಕೂಡಲೇ ಸಕ್ಕರೆ ಇಳಿಯಬಹುದಂತೆ. ಮೊದಲ ಗಂಟೆಯಲ್ಲೇ ಹಾಲು ಬೀಳಬೇಕು — ಡಾಕ್ಟರ ಮಾತು.

ಅಕ್ಕನ ಅತ್ತೆ ಬಾಗಿಲಲ್ಲೇ ನಿಂತು, "ಹೆರೋಕೆ ಮುಂಚೇನೇ ಹಿಂಡಿಡ್ತಾಳೆ. ಇದೇನು ಮನೆನೋ ಡೈರಿನೋ?"

ಅಕ್ಕ ನಕ್ಕಳು. "ನಂಗೆ ಎಚ್ಚರ ಇರುತ್ತೋ ಇಲ್ವೋ. ನರ್ಸ್ ಕೈಗೆ ಕೊಡೋದು ನಿನ್ನ ಕೆಲಸ ಕಣೇ."

ಹೂಂ ಎಂದೆ.

ಜೂನ್ 9, ಸಂಜೆ

ಹೆಣ್ಣು. ಹನ್ನೊಂದು ಇಪ್ಪತ್ತಕ್ಕೆ. ಅಕ್ಕ ಇನ್ನೂ ಆಪರೇಷನ್ ಥಿಯೇಟರಿನಲ್ಲಿದ್ದಳು, ರಕ್ತ ನಿಂತಿರಲಿಲ್ಲ. ಐಸ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಅತ್ತೆ, ಭಾವ, ಭಾವನ ಗೆಳೆಯರು. ನರ್ಸ್ ಮಗುವಿನ ಬಟ್ಟೆ ಕೇಳಲು ಬಂದರು.

"ಅದೇನಮ್ಮಾ ಡಬ್ಬಿ? ಒಳಗೆ ಕೊಡೋದಾ?"

"ಡೈರಿ ಮಾಲು!" ಎಂದರು ಅತ್ತೆ. ಗಂಡಸರೆಲ್ಲ ನಕ್ಕರು.

ಎದೆಹಾಲು. ನಾಲ್ಕಕ್ಷರ. ನಾಲಿಗೆ ಏಳಲಿಲ್ಲ.

"ಏನಿಲ್ಲ... ಊಟ" ಎಂದೆ.

ಹೆಣ್ಣಿನ ಮೌನದ ಬಗ್ಗೆ ಎಂ.ಎ.ಯಲ್ಲಿ ನಲವತ್ತು ಪುಟ ಬರೆದವಳು ನಾನು. ಮೊದಲ ದರ್ಜೆ.

ಬಾಟಲಿ ಹಾಲು ಬೇಡ ಎಂದು ಅಕ್ಕನೇ ಫೈಲಿನಲ್ಲಿ ಬರೆಸಿದ್ದಳು. ತಾಯಿ ಬರಲಿ ಎಂದು ಒಳಗಿನವರು ಕಾದರಂತೆ. ಹನ್ನೆರಡು ಮುಕ್ಕಾಲಿಗೆ ಮಗುವಿನ ಕೈಕಾಲು ನಡುಗಿತು. ಸಕ್ಕರೆ ಇಪ್ಪತ್ತೆಂಟು. ಡ್ರಿಪ್. ಗಾಜಿನ ಪೆಟ್ಟಿಗೆ.

ಯಾರೂ ಇಲ್ಲದಾಗ, ಕರಗಿದ್ದ ಆರೂ ಸಿರಿಂಜನ್ನು ಆಸ್ಪತ್ರೆಯ ಸಿಂಕಿಗೆ ಒತ್ತಿ, ನಲ್ಲಿ ತಿರುಗಿಸಿದೆ.

ಜೂನ್ 10

ಅಕ್ಕ ಕಣ್ಣು ಬಿಟ್ಟವಳೇ, "ಕೊಟ್ಯಾ?"

"ಕೊಟ್ಟೆ. ನರ್ಸ್ ಇಸ್ಕೊಂಡ್ರು. ಮಗೂಗೆ ಹಾಕ್ಲಿಲ್ಲ ಅನ್ಸುತ್ತೆ."

ನೀರು ಕುಡಿದಷ್ಟು ಸಲೀಸು.

ಜೂನ್ 14

ಮಗುವಿನ ಸಕ್ಕರೆ ಸರಿಹೋಗಿದೆ. ಆದರೆ ಪೆಟ್ಟಿಗೆಯಲ್ಲಿದ್ದಾಗ ಕೊಟ್ಟ ಬಾಟಲಿಯೇ ರೂಢಿಯಾಗಿ, ಎದೆಗೆ ಹಿಡಿದರೆ ಮುಖ ತಿರುಗಿಸಿ ಚೀರುತ್ತದೆ. ಅಕ್ಕ ನರ್ಸ್ ಮೇಲೆ ದೂರು ಕೊಟ್ಟಳು. ಬರೆದದ್ದು ನಾನೇ.

"ಓದಿದವಳಲ್ವಾ, ಅವಳ ಕೆಲಸ ಹೋಗೋ ಹಾಗೆ ಬರಿ."

ಎರಡು ಪುಟ. ಅಕ್ಕ ಓದಿ ಅತ್ತಳು. ಚೆನ್ನಾಗಿಯೇ ಬಂದಿತ್ತು.

ಜೂನ್ 19

ವಿಚಾರಣೆ. ಕೊಠಡಿಯ ಹೊರಗೆ ನರ್ಸ್ ಸಿಕ್ಕರು. ಸಮವಸ್ತ್ರವಿಲ್ಲದೆ ಚಿಕ್ಕವರಂತೆ ಕಂಡರು.

"ಊಟ ಅಂದ್ಯಲ್ವಾ ಅವತ್ತು? ನಾನು ಹೇಳಿದ್ರೆ ಯಾರೂ ನಂಬ್ತಿಲ್ಲ. ನೀನೊಂದು ಮಾತು ಹೇಳಮ್ಮ."

ಒಳಗೆ ಮೇಜಿನಾಚೆ ಆಸ್ಪತ್ರೆಯ ಮೂವರು. ಪಕ್ಕದಲ್ಲಿ ಅಕ್ಕ, ಮಡಿಲಲ್ಲಿ ಮಗು. ಗೋಡೆಯ ಬದಿಗೆ ನರ್ಸ್.

"ಸಿರಿಂಜು ಇವರ ಕೈಗೇ ಕೊಟ್ರಾ?"

"ಕೊಟ್ಟೆ." ಸ್ವರ ನಡುಗಲಿಲ್ಲ.

ಅಕ್ಕ ನನ್ನ ಕೈ ಒತ್ತಿದಳು. ಮೂವರೂ ಬರೆದುಕೊಂಡರು. ನರ್ಸ್ ನನ್ನತ್ತ ನೋಡಲೇ ಇಲ್ಲ. ಎದ್ದು ಹೋಗುವಾಗ ಬಗ್ಗಿ ಮಗುವಿನ ಪಾದ ಮುಟ್ಟಿ ನೋಡಿ, "ಬೆಚ್ಚಗಿದ್ದಾಳೆ. ಸಕ್ಕರೆ ಮತ್ತೆ ಇಳೀಲಿಲ್ಲ ತಾನೆ?" ಎಂದು ಅಕ್ಕನನ್ನು ಕೇಳಿದರು. ಅಕ್ಕ ಮುಖ ತಿರುಗಿಸಿದಳು. ಉತ್ತರ ಕೊಡಬೇಕಾದವಳು ನಾನು. ನಾನು ಆಗ ಮಗುವಿನ ಪಾದದ ಮೇಲೆ ಬಟ್ಟೆ ಎಳೆದು ಮುಚ್ಚಿದೆ.