ಬಾರ್ಲಿ ಗಂಜಿಯ ಬಿಸಿ

ಪಾಸ್ವಾಲಿಸ್, ಮೇ ೧೪

ಪೊವಿಲಾಸನಿಗೆ ಹೆಂಡತಿ ಜಿವಿಲೆಯ ಪ್ರೀತಿಯ ನೆನಪುಗಳು.

ಊಟ ಸೇರುತ್ತಿದೆಯೇ? ಕೋಲಿಲ್ಲದೆ ಬಾಗಿಲವರೆಗೆ ನಡೆದೆಯೆಂದು ನರ್ಸ್ ತಿಳಿಸಿದಳು, ಸಂತೋಷ. ಫೋನಿನಲ್ಲಿ ನನ್ನ ಮಾತು ಮುಗಿಯುವ ಮೊದಲೇ ರೇಗುತ್ತೀಯ, ಅದಕ್ಕೇ ಈ ಕಾಗದ. ಬಿಯರಿಗೆಂದು ಬಾರ್ಲಿ ಹಿಟ್ಟು ಕಲಸಿದ ಗಂಜಿ ಕಾಯಿಸಲು ಹೊಸದೇನೂ ಕೊಳ್ಳಬೇಡ, ‘ನಾನು ಬರ್ತೀನಲ್ಲ, ನನ್ನ ಬೆರಳಿದೆ’ ಎಂದು ನೀನು ಹೇಳಿದ್ದೆ. ನಿಮ್ಮಪ್ಪನಂತೆ ನೀನೂ ಗಂಜಿಯಲ್ಲಿ ಮೂರು ಸಲ ಬೆರಳೆಳೆದು ಹದ ನೋಡುವವನು. ಮೂರನೆಯ ಸಲ ಬಿಸಿ ತಡೆಯಲಾಗದಿದ್ದರೆ ಸರಿಯಾಯಿತೆಂದು ಲೆಕ್ಕ. ಮಾರ್ಚಿನಲ್ಲಿ ನೀನು ಮೂರು ಸಲವೂ ಎಳೆದೆ, ‘ಇನ್ನೂ ತಣ್ಣಗಿದೆ ಕಣೇ, ಸೌದೆ ಒಟ್ಟು’ ಎಂದೆ. ನಾನು ಒಟ್ಟಿದೆ. ನೀನು ಮತ್ತೆ ಎಳೆದೆ, ಮತ್ತೆ ಒಟ್ಟಿಸಿದೆ. ಚರ್ಮ ಸುಲಿದು ಬಂದಾಗಲೂ ನಿನಗೆ ಗೊತ್ತಾಗಲಿಲ್ಲ. ನಿನಗೆ ಪಾರ್ಶ್ವವಾಯು ತಗುಲಿದೆಯೆಂದು ನಮಗೆ ತಿಳಿದದ್ದೇ ಹಾಗೆ. ಸೌದೆ ಒಟ್ಟಿದ ಕೈ ನನ್ನದು ಎಂಬುದು ಈಗಲೂ ಚುಚ್ಚುತ್ತದೆ.

ಪಕ್ಕದ ಮನೆಯ ಕೆಸ್ತಾಸ್ ಗ್ಯಾಸ್ ಒಲೆ ಒಳ್ಳೆಯದೆಂದ. ಬೇಗ ಕಾಯುತ್ತದೆ ನಿಜ, ಆದರೆ ಹುಟ್ಟು ಹಿಡಿದು ತಿರುವುತ್ತಲೇ ಇರಬೇಕು, ತಳ ಹಿಡಿಯಿತೋ ಬಿಯರೆಲ್ಲ ಸೀದ ವಾಸನೆ. ಕರೆಂಟಿನ ಪಾತ್ರೆ ಅರವತ್ತೇಳು ಡಿಗ್ರಿಗೆ ತಾನೇ ನಿಲ್ಲುತ್ತದೆ, ಒಳಗಿನ ಪಂಪು ರಸವನ್ನು ಸುತ್ತಿಸುತ್ತದೆ. ಅವನ ಭಾವನದನ್ನು ತಂದು ಪರೀಕ್ಷಿಸಿದೆ. ಬಾರ್ಲಿಯನ್ನು ನಿನ್ನ ಹಾಗೆ ನುಣ್ಣಗೆ ಬೀಸಿದ್ದರಿಂದ ಪಂಪು ಕಟ್ಟಿಕೊಂಡಿತು. ‘ಅಕ್ಕಾ, ಇದೇನು ಬಿಯರೋ, ಹಂದಿ ಮೇವೋ?’ ಎಂದು ಕೆಸ್ತಾಸ್ ನಕ್ಕ. ಎರಡನೆಯ ಸಲ ತರಿತರಿಯಾಗಿ ಬೀಸಿದೆ, ರಸ ಸಲೀಸಾಗಿ ಇಳಿಯಿತು. ರುಚಿ ನಿನ್ನದರಷ್ಟಿಲ್ಲ, ಸ್ವಲ್ಪ ತೆಳು. ಆದರೂ ನಾನು ಅಂಥದ್ದನ್ನೇ ಕೊಂಡೆ, ನಿನ್ನನ್ನು ಕೇಳದೆ. ಹಳೆಯ ಒಲೆಯನ್ನು ಒಡೆದಿಲ್ಲ.

ವ್ಯಾಯಾಮ ತಪ್ಪಿಸಬೇಡ. ಅಲ್ಲಿನ ನರ್ಸುಗಳಿಗೆ ನನ್ನ ನಮಸ್ಕಾರ ತಿಳಿಸು, ನಿನ್ನನ್ನು ಸಹಿಸಿಕೊಳ್ಳುತ್ತಿದ್ದಾರಲ್ಲ. ನೀನು ಬೇಗ ಗಟ್ಟಿಯಾಗು.

ನಿನ್ನ
ಜಿವಿಲೆ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗಿಟ್ಟದ್ದು. ಬಲಗೈಗೆ ಬಿಸಿ ತಣ್ಣಗಿನ ಅರಿವು ಇನ್ನು ಮರಳುವುದಿಲ್ಲವೆಂದು ಡಾಕ್ಟರು ಮಂಗಳವಾರ ಹೇಳಿದರು. ನೀನು ಎದೆಗುಂದುತ್ತೀಯ, ಸದ್ಯಕ್ಕೆ ತಿಳಿಸಬೇಡಿ ಎಂದರು. ತಿಳಿಸದಿದ್ದರೆ ಮನೆಗೆ ಬಂದ ದಿನವೇ ನೀನು ಗಂಜಿಯಲ್ಲಿ ಬೆರಳಿಡುತ್ತೀಯ, ಏನೂ ಗೊತ್ತಾಗದೆ ನನ್ನ ಮುಖ ನೋಡುತ್ತೀಯ. ಆ ನೋಟವನ್ನು ಇನ್ನೊಮ್ಮೆ ನನ್ನಿಂದ ತಡೆಯಲಾಗದು.