ಏನವ್ವಾ ಸಾರು ಇವತ್ತು?

ಅವ್ವ,

ಹೋದ ತಿಂಗಳು ಮೈಸೂರಿನ ಆಸ್ಪತ್ರೆಯಲ್ಲಿ ನನ್ನ ಎಡಗಾಲಿಗೆ ಸ್ಟೆಂಟ್ ಹಾಕಿದರು. ಕುಯ್ಯಲಿಲ್ಲ, ಹೊಲಿಯಲಿಲ್ಲ. ತೊಡೆಸಂದಿಯ ರಕ್ತನಾಳದೊಳಗೆ ಸಣ್ಣ ತಂತಿ ತೂರಿಸಿ, ಕಟ್ಟಿಕೊಂಡಿದ್ದ ಕಡೆ ಪುಟ್ಟ ಬಲೂನು ಉಬ್ಬಿಸಿ ದಾರಿ ಬಿಡಿಸಿದರು. ನಾನು ಎಚ್ಚರವಾಗಿಯೇ ಇದ್ದೆ.

"ನಡೀತಾ ಮೀನಖಂಡ ಹಿಡ್ಕೊಳುತ್ತೆ, ಎರಡು ನಿಮಿಷ ನಿಂತ್ರೆ ಬಿಡುತ್ತೆ. ಮನೇಲಿ ಯಾರಿಗಾದ್ರೂ ಹಿಂಗಿತ್ತಾ?" ಎಂದರು ಡಾಕ್ಟರು. ಇಲ್ಲ ಎಂದುಬಿಟ್ಟೆ. ಆಮೇಲೆ ನಮ್ಮೂರು ಕಳಲೆಯ ಬೀದಿ ನೆನಪಾಯಿತು.

ನಂಜನಗೂಡಿನ ಬಸ್ಸಿಗೆ ಹೊರಟರೆ ನೀನು ಪ್ರತಿ ಜಗಲಿಯ ಮುಂದೂ ನಿಲ್ಲುತ್ತಿದ್ದೆ. ಕಂಬ ಹಿಡಿದುಕೊಂಡು "ಏನವ್ವಾ ಸಾರು ಇವತ್ತು?" ಎನ್ನುತ್ತಿದ್ದೆ. ನಾನು ಮುಂದಿನಿಂದ ಕೂಗುತ್ತಿದ್ದೆ: "ಊರ್ ಪಂಚಾಯ್ತಿ ಸಾಕು, ಬಾರವ್ವ!" ಒಂದು ದಿನ ನಿನ್ನನ್ನು ಬಿಟ್ಟೇ ಬಸ್ಸು ಹತ್ತಿದೆ.

ಇವತ್ತು ನೀನಿಲ್ಲದ ಅದೇ ಬೀದಿಯಲ್ಲಿ ಎಲ್ಲೂ ನಿಲ್ಲದೆ ಬಸ್ಸಿಗೆ ಹೋಗುತ್ತಿದ್ದೆ. ಮೂಲೆಮನೆಯ ಮರಿತಾಯಮ್ಮ ಜಗಲಿಯಿಂದ ಕರೆದರು: "ನಿಮ್ಮವ್ವ ಮಾತಾಡ್ಸ್ದೆ ಒಂದಿನಾನೂ ಓಯ್ತಿರ್ನಿಲ್ಲ ಕಣವ್ವ. ನೀನು ಅಂಗೇ ಓಯ್ತಿದ್ದೀಯಲ್ಲ?"

ಕಾಲು ನೋಯುತ್ತಿರಲಿಲ್ಲ. ಆದರೂ ಆ ಕಂಬ ಹಿಡಿದು ನಿಂತೆ.

"ಏನತ್ತೆ ಸಾರು ಇವತ್ತು?" ಎಂದೆ.

ಅವರು ಹೇಳುತ್ತಿರುವಾಗಲೇ ಬಸ್ಸು ಬಂದು ಹೋಯಿತು.