ಕರ್ಜಿಕಾಯಿಗೆ ತಂದ ಸೌದೆ

ಸಾಗರ ತಾಲ್ಲೂಕು
ಮೇ ತಿಂಗಳು, ೧೯೬೯

ಅಕ್ಕ ಮಾಸ್ತಮ್ಮನಿಗೆ ತಂಗಿ ಜಲಜ ಮಾಡುವ ನಮಸ್ಕಾರ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವ ಹಾಗಿಲ್ಲ. ಅವ್ವ ಹೋಗಿ ಇವತ್ತಿಗೆ ಐದು ದಿನ. ಮಣ್ಣಿಗೆ ನೀನು ಗಂಡನ ಮನೆ ಮೇಳಿಗೆಯಿಂದ ಬಂದೆ. ಬಂದವಳು ಅಂಗಳದಲ್ಲೇ ನಿಂತೆ, ಒಳಗೆ ಕಾಲಿಡಲಿಲ್ಲ. ಪಕ್ಕದ ಮನೆ ರಂಗಮ್ಮ ನಿನ್ನ ಕೈ ಹಿಡಿದು, "ಮುಖನಾದ್ರೂ ನೋಡೇ, ಹೆತ್ತೋಳು" ಎಂದಾಗ ನೀನು ಕೊಟ್ಟ ಉತ್ತರ ನನಗೆ ಒಳಗಿನಿಂದ ಕೇಳಿಸಿತು.

"ಯಮ್ನೀನ ಕಾಡಿಗೆ ಕಳ್ಸಿ ಕೊಂದೋಳ ಮುಖ ನಾನೆಂತ ನೋಡ್ಲಿ?"

ನಾನು ಅವ್ವನ ತಲೆಯ ಹತ್ತಿರ ಕೂತಿದ್ದೆ. ಎದ್ದು ಬಂದು ಎಲ್ಲರೆದುರು ಹೇಳಬೇಕಿತ್ತು. ಏಳಲಿಲ್ಲ. ಅದಕ್ಕೇ ಈ ಕಾಗದ.

ಅಕ್ಕ, ನಮ್ಮ ಪುಟ್ಟ ತಂಗಿ ಯಮುನನನ್ನು ಸೌದೆಗೆ ಕಳಿಸಿದ್ದು ಅವ್ವ ಅಲ್ಲ. ನಾನು.

ನಾಲ್ಕು ವರ್ಷದ ಹಿಂದೆ, ನಿನಗೆ ಏಳು ತಿಂಗಳು ತುಂಬಿ ಬಯಕೆ ಬುತ್ತಿ ಒಯ್ಯುವುದೆಂದು ಗೊತ್ತಾಗಿತ್ತಲ್ಲ, ಆಗಿನ ಮಾತು. ನೀನು ಕರ್ಜಿಕಾಯಿ ಬೇಕೆಂದು ಹೇಳಿ ಕಳಿಸಿದ್ದೆ. ಹಿಂದಿನ ಬೇಸಿಗೆಯ ಗೇರುಬೀಜವನ್ನು ಸುಟ್ಟು, ಒಡೆದು, ತಿರುಳು ಬಿಡಿಸಿದವಳು ಯಮುನ. ಅವಳ ಬೆರಳೆಲ್ಲ ಕಪ್ಪಾಗಿ ಸಿಪ್ಪೆ ಎದ್ದಿತ್ತು. ನಾನು ತಿರುಳನ್ನು ಹುರಿದು ತರಿತರಿಯಾಗಿ ಕುಟ್ಟಿದೆ. ಒಣಕೊಬ್ಬರಿ ತುರಿ, ಬೆಲ್ಲದ ಪುಡಿ, ಏಲಕ್ಕಿ, ಎರಡು ಲವಂಗ, ಚೂರು ಜಾಯಿಕಾಯಿ ಸೇರಿಸಿದೆ. ನೀನು ಮದುವೆಯಾಗಿ ಹೋಗುವವರೆಗೆ ಅಂಚು ಮಡಚುವ ಕೆಲಸ ನಿನ್ನದಾಗಿತ್ತು. ಜಡೆ ಹೆಣೆದ ಹಾಗೆ ಮಡಚುತ್ತಿದ್ದೆ. ನಿನಗಿಂತ ಚೆನ್ನಾಗಿ ಮಾಡಿ ಮೇಳಿಗೆಯವರ ಬಾಯಲ್ಲಿ ಭೇಷ್ ಅನ್ನಿಸಿಕೊಳ್ಳಬೇಕೆಂಬ ಹಟ ನನಗೆ. ನನಗಾಗ ಹದಿನೇಳು, ಯಮುನನಿಗೆ ಹದಿಮೂರು.

ಆ ಬೇಸಿಗೆಯಲ್ಲಿ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಆರೋಗ್ಯ ಇಲಾಖೆಯವರು ಜೀಪಿನಲ್ಲಿ ಬಂದು, ರಕ್ತ ಹೀರುವ ಉಣುಗು ಕಚ್ಚಿದರೆ ಮಂಗನ ಕಾಯಿಲೆ ಬರುತ್ತದೆ, ಕಾಡಿಗೆ ಹೋಗಬೇಡಿ ಎಂದು ಹೇಳಿ ಹೋಗಿದ್ದರು. ನಿನಗೆ ಸೀರೆ, ಬಳೆ ತರಲು ಅವ್ವ ಅಪ್ಪನ ಜೊತೆ ಸಾಗರಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದಳು: "ನಾನ್ ಬರೋತಂಕ ಬಾಣ್ಲೆ ಇಡ್ಬ್ಯಾಡಿ. ಸೌದೆ ಸಾಲ್ದಿದ್ರೆ ರಂಗಮ್ಮನ್ನ ಕೇಳಾನ. ಕಾಡಿನ ಕಡೆ ಮಾತ್ರ ಯಾರೂ ಹೋಗ್ಬ್ಯಾಡಿ."

ನಾನು ಕಾಯಲಿಲ್ಲ. ಅವ್ವ ಬರುವುದರೊಳಗೆ ಎಲ್ಲ ಕರಿದು ಡಬ್ಬಿ ತುಂಬಿಸಿಡಬೇಕೆಂದು ಒಲೆ ಹಚ್ಚಿದೆ. ಮನೆಯಲ್ಲಿದ್ದದ್ದು ಹಸಿ ಸೌದೆ. ಬರೀ ಹೊಗೆ. ಎಣ್ಣೆ ಕಾಯಲಿಲ್ಲ. ಮೊದಲು ಬಿಟ್ಟ ಎರಡು ಕರ್ಜಿಕಾಯಿ ಎಣ್ಣೆ ಕುಡಿದು ಮೆತ್ತಗಾದವು. ಒಂದರ ಅಂಚು ಬಿಟ್ಟುಕೊಂಡು ಹೂರಣವೆಲ್ಲ ಬಾಣಲೆಗೆ ಚೆಲ್ಲಿತು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ರಂಗಮ್ಮನ ಮನೆ ಇಪ್ಪತ್ತು ಹೆಜ್ಜೆ ದೂರ. ಆದರೆ ಅವಳನ್ನು ಕೇಳಿದರೆ ಬಂದು ಪಕ್ಕದಲ್ಲೇ ಕೂತು ಹೀಗೆ ಮಡಚು, ಹಾಗೆ ಮಡಚು ಎನ್ನುತ್ತಾಳೆ, ಕೊನೆಗೆ ತಾನೇ ಮಾಡಿದೆ ಎನ್ನುತ್ತಾಳೆ. ಅಷ್ಟಕ್ಕೆ, ಅಕ್ಕ. ಅಷ್ಟೇ ಅಷ್ಟಕ್ಕೆ ನಾನು ಯಮುನನ ಕಡೆ ತಿರುಗಿ, ಗುಡ್ಡಕ್ಕೆ ಹೋಗಿ ಒಂದು ಹೊರೆ ಒಣಕಟ್ಟಿಗೆ ತಾ ಎಂದೆ.

"ಅವ್ವ ಬ್ಯಾಡ ಅಂದಾಳೆ ಕಣೇ. ಅಲ್ಲಿ ಮಂಗ ಸತ್ ಬಿದ್ದಾವಂತೆ."

"ಒಳಗೆಲ್ಲ ಹೋಗ್ಬ್ಯಾಡ, ಅಂಚಲ್ಲೇ ಆಯ್ಕಂಡು ಬಾ. ಹೋಗು, ಹೊತ್ತಾಗ್ತದೆ."

ಅವಳು ಹೋದಳು. ನಾನು ಹೇಳಿದ್ದನ್ನು ಅವಳು ಯಾವತ್ತೂ ಇಲ್ಲ ಎಂದವಳಲ್ಲ. ತಲೆಯ ಮೇಲೆ ಹೊರೆ ಹೊತ್ತು ಬಂದು, ಹಿತ್ತಲ ಮೆಟ್ಟಿಲ ಮೇಲೆ ಕೂತು, ಕಾಲಿಗೆ ಹತ್ತಿದ ಉಣುಗುಗಳನ್ನು ಒಂದೊಂದಾಗಿ ಕಿತ್ತು ಹಾಕಿದಳು. "ತುಂಬಾ ಕಚ್ಚ್ಯಾವೆ ಕಣೇ ಜಲಜಕ್ಕ" ಎಂದಳು. ನಾನು ತಿರುಗಿಯೂ ನೋಡದೆ "ಎಣ್ಣೆ ಹಚ್ಕ" ಎಂದೆ. ಬೆಂಕಿ ಚೆನ್ನಾಗಿ ಹತ್ತಿತ್ತು. ಕರ್ಜಿಕಾಯಿಗಳು ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಒಂದೂ ಬಾಯಿ ಬಿಡದೆ ಮೇಲೆ ಬರುತ್ತಿದ್ದವು. ನನ್ನ ಕಣ್ಣೆಲ್ಲ ಅವುಗಳ ಮೇಲೆ.

ಅವ್ವ ಬಂದಾಗ ಸೌದೆ ರಂಗಮ್ಮ ಕೊಟ್ಟಳು ಎಂದು ಸುಳ್ಳು ಹೇಳಿದೆ.

ಎರಡು ದಿನ ಕಳೆದು ನಾವೆಲ್ಲ ನಿಮ್ಮ ಮನೆಗೆ ಬಂದೆವು. ನೀನು ಕರ್ಜಿಕಾಯಿ ಕಚ್ಚಿ, "ಅವ್ವನ ಕೈ ರುಚಿನೇ ರುಚಿ" ಎಂದೆ. "ನಂದಲ್ಲ, ಜಲಜಂದು" ಎಂದು ಅವ್ವ ನಕ್ಕಳು. ಯಮುನ ನಿನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು, ಮಗು ಒದೆಯುವುದು ತಿಳಿಯಬೇಕೆಂದು. ಒದ್ದಾಗ ಕೂಗಿಕೊಂಡಳು. ನೀನು ಅವಳನ್ನು ಕಡೆಗೆ ನೋಡಿದ್ದು ಹಾಗೆ.

ಊರಿಗೆ ಬಂದ ಎರಡನೇ ದಿನ ಜ್ವರ ಶುರುವಾಯಿತು. ತಲೆ ಸಿಡಿಯುತ್ತದೆ ಎನ್ನುತ್ತಿದ್ದಳು, ಬೆಳಕು ನೋಡಲಾರದೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಮೂರನೇ ದಿನ ಮೂಗಿನಿಂದ ರಕ್ತ ಬಂತು. ಗಾಡಿ ಕಟ್ಟಿ ಸಾಗರಕ್ಕೆ ಒಯ್ದೆವು. ಇದಕ್ಕೆ ಔಷಧ ಇಲ್ಲ, ಜ್ವರ ತಾನಾಗಿ ಇಳಿಯಬೇಕು ಎಂದರು ಡಾಕ್ಟರು. ಆಸ್ಪತ್ರೆಯ ಹಿಂದಿನ ಬಾವಿಕಟ್ಟೆಯ ಹತ್ತಿರ ನಾನು ಅವ್ವನ ಕಾಲು ಹಿಡಿದು ಎಲ್ಲ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು.

"ಯಾರ ಹತ್ರನೂ ಆಡ್ಬ್ಯಾಡ. ನಾನೇ ಕಳ್ಸಿದ್ದು ಅಂತೀನಿ."

ಒಂಬತ್ತನೇ ದಿನ ಯಮುನ ಹೋದಳು. ಕಡೆಯ ಎರಡು ದಿನ ಅವಳಿಗೆ ನಮ್ಮ ಗುರುತು ಇರಲಿಲ್ಲ.

ಅವ್ವ ಹೇಳಿದಂತೆಯೇ ಮಾಡಿದಳು. ಅಪ್ಪನ ಎದುರು, ಊರವರ ಎದುರು, ನಾನೇ ಕಳಿಸಿದೆ ಎಂದಳು. ಅಪ್ಪ ಅವತ್ತಿನಿಂದ ಅವಳ ಕೈಯಿಂದ ಒಂದು ಲೋಟ ನೀರೂ ತೆಗೆದುಕೊಳ್ಳಲಿಲ್ಲ. ನೀನು ಚೊಚ್ಚಲ ಬಾಣಂತನಕ್ಕೆ ಬರಲಿಲ್ಲ. ಮಗು ಹುಟ್ಟಿದ ಸುದ್ದಿ ಕೇಳಿ ನಾನೂ ಅವ್ವನೂ ತುಪ್ಪ, ಎಣ್ಣೆ, ಹಳೆ ಸೀರೆಯ ಬಟ್ಟೆ ಕಟ್ಟಿಕೊಂಡು ಮೇಳಿಗೆಗೆ ಬಂದಾಗ, "ನಂಗೆ ತವರಿಲ್ಲ ಅಂತ ಹೇಳಿ" ಎಂದು ನೀನು ಒಳಗಿನಿಂದಲೇ ಹೇಳಿಸಿದೆ. ಅವ್ವ ಗಂಟನ್ನು ಜಗುಲಿಯ ಮೇಲಿಟ್ಟು ತಿರುಗಿದಳು. ತೀರ್ಥಹಳ್ಳಿಯಲ್ಲಿ ಬಸ್ಸಿಗೆ ಕಾಯುವಾಗ, ಈಗಲಾದರೂ ಹೇಳಿಬಿಡೋಣ ಅವ್ವ ಎಂದು ಅತ್ತೆ.

"ಬ್ಯಾಡ. ಒಬ್ಳು ಹೋದ್ಲು, ಒಬ್ಳು ಮಾತು ಬಿಟ್ಲು. ನೀವಿಬ್ರಾದ್ರೂ ಅಕ್ಕ ತಂಗಿ ಅಂತ ಇರ್ರಿ. ನನ್ನ ಮ್ಯಾಲಿನ ಸಿಟ್ಟು ನಾ ಹೋದಾಗ ಹೋಗ್ತದೆ."

ಹೋಗಲಿಲ್ಲ, ಅಕ್ಕ. ಅಂಗಳದಲ್ಲಿ ನಿಂತ ನಿನ್ನ ಮುಖದಲ್ಲಿ ಅದು ಹಾಗೇ ಇತ್ತು.

ಈ ನಾಲ್ಕು ವರ್ಷ ನೀನು ನನಗೆ ಕಾಗದ ಬರೆಯುತ್ತಿದ್ದೆ. ಮಗಳು ಶಾಂತ ನಡೆದದ್ದು, ಮಾತು ಕಲಿತದ್ದು, ಎಲ್ಲ ಬರೆದೆ. ಅದನ್ನು ನಾನು ಓದುವಾಗ ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಒಂದು ಸಲವೂ ಮುಂದೆ ಬಂದು ಕೂರಲಿಲ್ಲ. ನಾನು ಮಾತ್ರ ಅವಳು ಕೊಟ್ಟ ಮರೆಯಲ್ಲಿ ಮದುವೆಯಾದೆ, ಇದೇ ಊರಲ್ಲಿ ಸಂಸಾರ ಮಾಡಿದೆ. ಅವ್ವ ಬೇಡ ಎಂದಳು ಅನ್ನುವುದು ನೆಪ. ನನಗೆ ಹೆದರಿಕೆ ಇತ್ತು, ಅಷ್ಟೇ.

ನಿನ್ನೆ ಅಪ್ಪನಿಗೂ ನಮ್ಮವರಿಗೂ ಹೇಳಿದೆ. ನಮ್ಮವರು ಎದ್ದು ಹೊರಗೆ ಹೋದರು, ಇನ್ನೂ ಮಾತಾಡಿಲ್ಲ. ಅಪ್ಪ, "ಅವ್ಳು ನೀರು ತಂದಾಗ್ಲೆಲ್ಲ ಅಲ್ಲೇ ಇಟ್ಟು ಹೋಗು ಅಂತಿದ್ನಲ್ಲೇ" ಎಂದರು. ಆಮೇಲೆ ಅವರು ಅತ್ತದ್ದನ್ನು ನಾನು ಬರೆಯಲಾರೆ.

ಬರುವ ಸೋಮವಾರ ಹನ್ನೊಂದನೇ ದಿನ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಅವ್ವನಿಗೆ ಎಡೆ ಇಡುವಾಗ ನೀನು ಒಳಗೆ ಇರಬೇಕು, ಶಾಂತನ ಕೈಯಿಂದ ಒಂದು ಹೂವು ಹಾಕಿಸಬೇಕು. ನನ್ನ ಮುಖ ನೋಡಲಾರೆ ಎಂದಾದರೆ ಹೇಳಿ ಕಳಿಸು. ನೀನು ಬಂದು ಹೋಗುವವರೆಗೆ ನಾನು ಮನೆಯಲ್ಲಿರುವುದಿಲ್ಲ.

ನಿನ್ನ ಮಗಳು ನೂರು ವರ್ಷ ಬಾಳಲಿ. ಹೆತ್ತವಳನ್ನು ತಪ್ಪು ತಿಳಿಯುವ ದಿನ ಅವಳಿಗೆ ಬಾರದಿರಲಿ.

ತಂಗಿ ಎಂದು ಬರೆಯಲು ನೀನು ಇನ್ನೂ ಬಿಡುವುದಾದರೆ,
ನಿನ್ನ ತಂಗಿ,
ಜಲಜ